ಒಳ್ಳೇ ಕೇಸು

ಪುತ್ತೂರಿನಲ್ಲಿ ನಾನು ನರ್ಸ್ ಆಗಿದ್ದ ಆಸ್ಪತ್ರೆಯ ದೊಡ್ಡ ಡಾಕ್ಟರಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಏನೆಂದು ತಿಳಿಯದ ಕಾಯಿಲೆ ಬಂದರೆ ಸುಳ್ಯ, ಕಡಬದ ಡಾಕ್ಟರುಗಳನ್ನು ಕರೆಸಿ, ರೋಗಿಯನ್ನು ನಡುವೆ ಕೂರಿಸಿ, ಎಲ್ಲರೂ ಸೇರಿ ಹುಡುಕಬೇಕು ಎನ್ನುತ್ತಿದ್ದರು. ನಮ್ಮಲ್ಲಿ ಆಗದ ಪರೀಕ್ಷೆಗೆ ರಕ್ತವನ್ನು ಬಸ್ಸಿನ ಕಂಡಕ್ಟರರ ಕೈಯಲ್ಲಿ ಮಂಗಳೂರಿಗೆ ಕಳಿಸುವರು. ಯಾರಾದರೂ ‘ನರದ ವೀಕ್‌ನೆಸ್’ ಎಂದು ತೇಲಿಸಿದರೆ ಸ್ಟೆತಸ್ಕೋಪನ್ನು ಮೇಜಿಗೆ ಕುಕ್ಕುವರು. “ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಹೇಳಿ ಮಾರಾಯ್ರೆ!”

ಒಮ್ಮೆ ಅಜ್ಜಾವರದ ಹೆಂಗಸೊಬ್ಬರು ಮಗಳನ್ನು ಸೊಂಟದ ಮೇಲೆ ಹೊತ್ತು ತಂದರು. ಓಡಾಡಿಕೊಂಡಿದ್ದ ಮಗುವಿನ ಕಾಲುಗಳು ಮರಗಟ್ಟುತ್ತಿದ್ದವು. ಡಾಕ್ಟರು ಎಂದಿನಂತೆ ಎಲ್ಲರನ್ನೂ ಕರೆಸಿದರು. ಮಂಗಳೂರಿನಿಂದ ಬಂದಿದ್ದ ತಜ್ಞರು ಅವಳನ್ನು ಅತ್ತ ಇತ್ತ ಹೊರಳಿಸಿ ನೋಡಿ, “ಒಳ್ಳೇ ಕೇಸು!” ಎಂದು ಕೈ ಉಜ್ಜಿಕೊಂಡರು.

ಗೇಣಿ ಜಮೀನಿನ ಕೇಸು ಮನೆಮನೆಗೂ ಇದ್ದ ಕಾಲ ಅದು. ತಾಯಿ ಬೆದರಿ ಮಗುವನ್ನು ಎದೆಗೊತ್ತಿಕೊಂಡರು. “ಕೇಸಾ? ಇವಳು ಯಾರಿಗೆ ಎಂತ ಮಾಡಿದ್ದಾಳೆ ಸ್ವಾಮಿ?”

ತಜ್ಞರು ಗಹಗಹಿಸಿ ನಕ್ಕರು. ಅವರು ನಕ್ಕರೆಂದು ಉಳಿದ ಡಾಕ್ಟರುಗಳೂ ನಕ್ಕರು. ಆ ನಗು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಸ್ಟೆತಸ್ಕೋಪು ಮೇಜಿಗೆ ಬಡಿಯಿತು. “ನಗುದು ಎಂತಕೆ? ಇಷ್ಟು ಜನ ಇದ್ದೇವೆ, ಮಗುವಿಗೆ ಎಂತ ಆಗಿದೆ ಅಂತ ಒಬ್ಬರಿಗಾದ್ರೂ ಗೊತ್ತುಂಟಾ?”

ಡಾಕ್ಟರು ತಾಯಿಯ ಕಡೆ ತಿರುಗಿದರು. ದನಿಯಲ್ಲಿ ಸಿಟ್ಟು ಹಾಗೇ ಇತ್ತು.

“ನಿಮ್ಮ ಮಗಳ ಮೇಲೆ ಕೇಸಿಲ್ಲ ಅಮ್ಮ. ಕೇಸಿರುದು ನಮ್ಮ ಮೇಲೆ.”