ಪೊರೆ ತೆಗೆಸಿದ ಮೇಲೆ ಕಂಡದ್ದು

ಆಗ ನನಗೆ ಎಪ್ಪತ್ತೊಂದು ವರ್ಷ. ಈಗ್ಗೆ ಎರಡು ವರ್ಷದ ಹಿಂದಿನ ಮಾತು. ತುಮಕೂರಿನ ಒಂದು ಆಸ್ಪತ್ರೆಯಲ್ಲಿ ಬಲಗಣ್ಣಿನ ಪೊರೆ ತೆಗೆಸಿಕೊಂಡು ಬಂದೆ. ನೋವಾಗಲಿಲ್ಲ. ಎಲ್ಲರೂ ಅದನ್ನೇ ಕೇಳುತ್ತಾರೆ, ಅದಕ್ಕೆ ಮೊದಲೇ ಹೇಳಿಬಿಟ್ಟೆ. ಆಮೇಲಿನ ದಿನಗಳು ಹೇಗಿರುತ್ತವೆ ಅಂತ ಯಾರೂ ಕೇಳುವುದಿಲ್ಲ. ಹೇಸಿಗೆಯಾಗಿರುತ್ತವೆ.

ಬೆಳಗ್ಗೆ ಏಳುವಷ್ಟರಲ್ಲಿ ರೆಪ್ಪೆ ಗೀಜು ಕಟ್ಟಿ ಅಂಟಿಕೊಂಡಿರುತ್ತಿತ್ತು. ಸೊಸೆ ಕುದಿಸಿ ಆರಿಸಿದ ನೀರಿನಲ್ಲಿ ಹತ್ತಿ ಅದ್ದಿ ಒರೆಸುತ್ತಿದ್ದಳು. ಹತ್ತಿಗೆ ಬಂದ ಹಳದಿಯನ್ನು ನನಗೆ ಕಾಣದ ಹಾಗೆ ಮಡಚುತ್ತಿದ್ದಳು. ನನಗೆ ಕಾಣುತ್ತಿತ್ತು. ಕಣ್ಣಿಗೆ ಬಿಡುವ ಔಷಧಿ ಎರಡು ಸೀಸೆ. ನಾನು ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು, ಸೀಸೆಯ ಮೇಲೆ ಬರೆದದ್ದು ಇಂಗ್ಲಿಷು. ಗುಲಾಬಿ ಮುಚ್ಚಳದ್ದು ಆರು ಸಲ, ಬಿಳಿ ಮುಚ್ಚಳದ್ದು ಮೂರು ಸಲ ಅಂತ ನೆನಪಿಟ್ಟುಕೊಂಡಿದ್ದೆ. ಕಣ್ಣಿಗೆ ಬಿಟ್ಟದ್ದು ಗಂಟಲಿಗೆ ಇಳಿದು ಕಹಿಯಾಗುತ್ತಿತ್ತು. ಆ ಕಹಿಯ ಮೇಲೆಯೇ ಕಾಫಿ, ಅದರ ಮೇಲೆಯೇ ಮುದ್ದೆ. ತಲೆಗೆ ನೀರು ಹಾಕಿಕೊಳ್ಳುವಂತಿಲ್ಲ. ಎಂಟನೇ ದಿನಕ್ಕೆ ನನ್ನ ತಲೆ ಕಮಟು ಹಿಡಿದ ಕೊಬ್ಬರಿಯ ವಾಸನೆ ಹೊಡೆಯತೊಡಗಿತು. ದಿಂಬು ತಿರುಗಿಸಿ ಹಾಕಿಕೊಂಡೆ. ಆ ಕಡೆಯೂ ಅದೇ ವಾಸನೆ.

ಕಣ್ಣೊಳಗೆ ಮರಳು ಬಿದ್ದ ಹಾಗೆ ಚುಚ್ಚುತ್ತಿತ್ತು. ಅಂಗಳಕ್ಕೆ ಬಂದರೆ ಬಿಸಿಲಿಗೆ ನೀರು ಸುರಿದು ಕೆನ್ನೆ, ಕುಪ್ಪಸ ಎಲ್ಲಾ ಒದ್ದೆ. ಬಲಗಡೆ ಅಂಚಿನಲ್ಲಿ ಕುಡುಗೋಲಿನಷ್ಟು ಬಾಗಿದ ಒಂದು ಕಪ್ಪು ನೆರಳು. ತಿರುಗಿ ನೋಡಿದರೆ ಅದೂ ತಿರುಗಿಕೊಂಡು ಅಂಚಿಗೇ ಹೋಗುತ್ತಿತ್ತು. ಯಾರೋ ಪಕ್ಕಕ್ಕೆ ಬಂದು ನಿಂತಿದ್ದಾರೆ ಅಂದುಕೊಂಡು ಎಷ್ಟೋ ಸಲ "ಯಾರದು?" ಅಂದಿದ್ದೇನೆ. ಸಾಲದ್ದಕ್ಕೆ ಸಣ್ಣ ಕರಿ ಚುಕ್ಕೆಗಳು, ಒಂದೆರಡು ಕೂದಲಿನಂಥ ಎಳೆಗಳು ತೇಲುತ್ತಿದ್ದವು. ಗೋಡೆ ನೋಡಿದರೆ ಗೋಡೆಯ ಮೇಲೆ, ಅನ್ನ ನೋಡಿದರೆ ಅನ್ನದ ಮೇಲೆ.

ಇಷ್ಟೆಲ್ಲ ಸಹಿಸಿಕೊಂಡದ್ದು ಒಲೆಗೋಸ್ಕರ. ಈ ಮನೆಗೆ ಬಂದಾಗಿನಿಂದ ಅಡುಗೆ ನನ್ನದೇ. ಸೊಸೆ ಬಂದ ಮೇಲೂ ನನ್ನದೇ. ಅವಳು ತರಕಾರಿ ಹೆಚ್ಚಬೇಕು, ಪಾತ್ರೆ ತೊಳೆಯಬೇಕು, ಸೌಟು ಮಾತ್ರ ನನ್ನ ಕೈಯಲ್ಲಿ. ಆಪರೇಷನ್ನಿಗೆ ಎರಡು ತಿಂಗಳ ಮುಂಚೆ ಉರಿ ಕಾಣದೆ ನನ್ನ ಸೆರಗಿನ ತುದಿ ಸುಟ್ಟುಹೋಯಿತು. ಮಗ ಗ್ಯಾಸು ಆರಿಸಿ, "ಕಣ್ಣು ಮಾಡಿಸ್ಕೊಂಡು ಬಾರವ್ವ. ಅಲ್ಲೀಗಂಟ ಒಲೆ ಹತ್ರ ಕಾಲಿಡಬ್ಯಾಡ" ಅಂದ. ಮಾಡಿಸಿಕೊಂಡು ಬಂದರೆ ಒಲೆ ನಿನ್ನದೇ ಅಂತಲೂ ಅಂದ. ಆ ಮಾತು ಹಿಡಿದುಕೊಂಡೇ ನಾನು ಆಪರೇಷನ್ ಮೇಜಿನ ಮೇಲೆ ಮಲಗಿದ್ದು. ಎಡಗಣ್ಣನ್ನು ಇನ್ನೊಂದು ತಿಂಗಳಿಗೆ ಮಾಡುತ್ತೇವೆ ಅಂದಿದ್ದರು.

ಕಣ್ಣು ಮಂಜಾದದ್ದು ನನಗೆ ಗೊತ್ತಿರಲಿಲ್ಲವೇ ಅಂದರೆ, ಗೊತ್ತಿತ್ತು. ಅದರಿಂದ ಏನೂ ಕೆಟ್ಟಿಲ್ಲ ಅಂದುಕೊಂಡಿದ್ದೆ. ನಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಡುತ್ತೇವೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪನ್ನು ಬಿಟ್ಟುಕೊಂಡ ಮೇಲೆ ಕಾಯಿ ಅಲ್ಲಾಡಿಸಿದರೆ ಗಡಗಡ ಅನ್ನುತ್ತದೆ. ಯಾವುದು ಆಗಿದೆ, ಯಾವುದು ಇನ್ನೂ ಆಗಬೇಕು ಅಂತ ಕಿವಿಯ ಹತ್ತಿರ ಹಿಡಿದು ಹೇಳುತ್ತಿದ್ದೆ. ಮಗ ಈಗಲೂ ನನ್ನನ್ನೇ ಕರೆಯುತ್ತಾನೆ. ಕೊಬ್ಬರಿಯನ್ನೇ ಕಿವಿಯಲ್ಲಿ ನೋಡುವವಳಿಗೆ ಸಾರು ಮಾಡಲು ಕಣ್ಣು ಯಾಕೆ ಬೇಕು? ಉಪ್ಪು, ಖಾರ, ಹುಳಿ ಎಲ್ಲಾ ಕೈ ಅಂದಾಜು. ಆದರೆ ಒಳಗೆ ಬೂಸ್ಟು ಹಿಡಿದ ಕಾಯಿಯೂ ಗಡಗಡ ಅಂತಲೇ ಅನ್ನುತ್ತದೆ. ಅದನ್ನು ಯೋಚಿಸಿರಲಿಲ್ಲ.

ಪಟ್ಟಿ ಬಿಚ್ಚಿದ ಮಾರನೆಯ ದಿನದಿಂದ ಊಟಕ್ಕೆ ಕೂತರೆ ನನ್ನದು ಒಂದೇ ರಗಳೆ.

"ಲೇ, ಮುದ್ದೆ ಮೇಲೆ ನೊಣ ಕೂತೈತೆ ನೋಡೇ."

ಸೊಸೆ ಬಗ್ಗಿ ನೋಡಿ, "ಇಲ್ಲ ಅತ್ತೆ" ಅನ್ನುತ್ತಿದ್ದಳು.

"ಮಜ್ಜಿಗೇಲಿ ಕೂದ್ಲು ಐತೆ."

"ಇಲ್ಲ ಅತ್ತೆ, ಬೇಕಾದ್ರೆ ಬೇರೆ ಲೋಟಕ್ಕೆ ಹಾಕ್ಕೊಡ್ತೀನಿ."

ಬೇರೆ ಲೋಟದಲ್ಲೂ ಇರುತ್ತಿತ್ತು. ನಾಲ್ಕು ದಿನ ನೋಡಿ ಮಗ, "ಅವ್ವ, ನಿನ್ ಕಣ್ಣಲ್ಲಿರೋ ನೊಣಾನೆಲ್ಲ ನಮ್ ತಟ್ಟೆಗ್ಯಾಕೆ ಬುಡ್ತೀಯ?" ಅಂದ. ಸೊಸೆ ಮುಖ ತಿರುಗಿಸಿಕೊಂಡು ನಕ್ಕಳು. ನಾನು ಊಟ ಅರ್ಧಕ್ಕೆ ಬಿಟ್ಟು ಎದ್ದೆ. ಮನೆ ಚೊಕ್ಕಟವಾಗಿಟ್ಟುಕೊಳ್ಳಲು ಇವಳಿಗೆ ಬರುವುದಿಲ್ಲ, ಬೇಗ ಒಲೆ ವಾಪಸು ತಗೋಬೇಕು ಅಂತ ಲೆಕ್ಕ ಹಾಕಿಕೊಂಡೆ.

ವಾರಕ್ಕೆ ತೋರಿಸಲು ಹೋದಾಗ ಡಾಕ್ಟರಮ್ಮ ಕಣ್ಣಿಗೆ ಬೆಳಕು ಬಿಟ್ಟು ನೋಡಿದಳು. ನೊಣದ ವಿಷಯ ಹೇಳಿದೆ.

"ಅದು ಕಣ್ಣೊಳಗೇ ಇರೋದು ಅಜ್ಜಿ. ಮುಂಚೆಯೂ ಇತ್ತು, ಪೊರೆ ಇದ್ದದ್ದಕ್ಕೆ ನಿಮಗೆ ಗೊತ್ತಾಗಿಲ್ಲ. ಪಕ್ಕದ ನೆರಳೂ ನಿಧಾನಕ್ಕೆ ಕಮ್ಮಿ ಆಗುತ್ತೆ. ಒಂದೇ ಸಲ ಜಾಸ್ತಿ ಆದ್ರೆ, ಮಿಂಚಿನ ಥರ ಹೊಳೆದ್ರೆ ತಕ್ಷಣ ಬನ್ನಿ. ಇಲ್ಲದಿದ್ರೆ ತಲೆ ಕೆಡಿಸ್ಕೋಬೇಡಿ."

ಸರಿ, ತಲೆ ಕೆಡಿಸಿಕೊಳ್ಳಲಿಲ್ಲ. ಕಪ್ಪು ಕಂಡದ್ದೆಲ್ಲ ಕಣ್ಣಿನದು ಅಂತ ತೀರ್ಮಾನ ಮಾಡಿದೆ.

ಹನ್ನೆರಡನೇ ದಿನ ತೋಟದಲ್ಲಿ ಕಾಯಿ ಕೀಳಿಸುತ್ತಿದ್ದರು. ಮಗ, ಸೊಸೆ ಇಬ್ಬರೂ ಅಲ್ಲೇ ಇದ್ದರು. ಕೀಳುವವರಿಗೆಲ್ಲ ನಾನೇ ಉಪ್ಪಿಟ್ಟು ಮಾಡಿ ಕಳಿಸಿದರೆ ಆಮೇಲೆ ಯಾರು ಏನು ಹೇಳುತ್ತಾರೆ, ಒಲೆ ನನ್ನದಾಗುತ್ತದೆ. ಹಾಗಂದುಕೊಂಡು ಅಡುಗೆಮನೆಗೆ ಹೋದೆ. ಒಲೆಯ ಎಡಗಡೆ ಗೋಡೆಯಲ್ಲಿ ಒಂದು ಗೂಡಿದೆ. ನನ್ನ ಡಬ್ಬಿಗಳು ಇರುವುದು ಅದರಲ್ಲಿ. ಅದಕ್ಕೆ ಸೊಸೆ ಕೈ ಹಾಕುವಂತಿರಲಿಲ್ಲ. ಬಾಣಲೆ ಇಟ್ಟು ರವೆ ಡಬ್ಬಿ ತೆಗೆದೆ.

ರವೆಯಲ್ಲಿ ಕರಿ ಚುಕ್ಕೆ. ಕಣ್ಣಿನದು ಅಂದುಕೊಂಡು ಸುರಿಯಲು ಹೋದೆ. ಕಣ್ಣಿನ ಚುಕ್ಕೆಗಳು ನೋಟ ಹೊರಳಿಸಿದ ಕಡೆ ಹಿಂದೆಯೇ ಬರುತ್ತವೆ. ಇವು ಬರಲಿಲ್ಲ, ಡಬ್ಬಿಯಲ್ಲೇ ಉಳಿದವು. ಬಲಗಣ್ಣು ಮುಚ್ಚಿ ಎಡಗಣ್ಣಿನಲ್ಲಿ ನೋಡಿದೆ. ರವೆ ಚೊಕ್ಕಟವಾಗಿ, ತುಸು ಹಳದಿಯಾಗಿ ಕಂಡಿತು. ಮತ್ತೆ ಬಲಗಣ್ಣು ಬಿಟ್ಟೆ. ಬೆರಳು ಇಟ್ಟೆ. ಒಂದು ಚುಕ್ಕೆ ಬೆರಳು ಹತ್ತಿ ಉಗುರಿನ ಮೇಲೆ ನಡೆಯಿತು. ಬೆರಳು ಎತ್ತಿದರೆ ರವೆ ಉಂಡೆ ಉಂಡೆಯಾಗಿ ಎದ್ದು ಬಂತು, ಹುಳು ಬಲೆ ಕಟ್ಟಿತ್ತು.

ಇನ್ನೊಂದು ಡಬ್ಬಿ ತೆಗೆದೆ. ಕೊಬ್ಬರಿ ಪುಡಿಯಲ್ಲೂ ಬಲೆ. ಜೀರಿಗೆಯ ಡಬ್ಬಿಯಲ್ಲಿ ಜೀರಿಗೆಗಿಂತ ದಪ್ಪ, ಕರೀ ಜೀರಿಗೆ ಇತ್ತು. ಇಲಿ ಹಿಕ್ಕೆ. ಎಣ್ಣೆ ಮಿಳ್ಳೆಯ ತಳದಲ್ಲಿ ದೀಪದ ಹುಳುಗಳ ರೆಕ್ಕೆ ಮೆತ್ತಿಕೊಂಡಿದ್ದವು. ಸೌಟಿನ ಹಿಡಿಯನ್ನು ಉಗುರಿನಲ್ಲಿ ಕೆರೆದರೆ ಜಿಡ್ಡು ಮೇಣದ ಹಾಗೆ ಸುರುಳಿ ಸುತ್ತಿ ಬಂತು. ಬಗ್ಗಿ ವಾಂತಿ ಮಾಡುವ ಹಾಗೂ ಇಲ್ಲ, ಕಣ್ಣಿಗೆ ಒತ್ತಡ ಬೀಳಬಾರದು ಅಂದಿದ್ದರು. ಸೆರಗು ಬಾಯಿಗೆ ತುರುಕಿಕೊಂಡು ನಿಂತೆ. ಆಗ ಎದುರುಗಡೆಯ ಹಲಗೆ ಕಂಡಿತು. ಅಲ್ಲಿ ಸೊಸೆಯ ಸ್ಟೀಲ್ ಡಬ್ಬಿಗಳು, ತೊಳೆದು ಒರೆಸಿದ್ದವು. ಅಲ್ಲೂ ರವೆ, ಅಲ್ಲೂ ಜೀರಿಗೆ. ಒಂದು ಅಡುಗೆಮನೆಗೆ ಎರಡು ಜೀರಿಗೆ ಡಬ್ಬಿ ಯಾಕೆ ಅಂತ ನಾನು ಒಂದು ದಿನವೂ ಕೇಳಿರಲಿಲ್ಲ.

ಗ್ಯಾಸು ಆರಿಸಿ ಹೊರಗೆ ಬಂದು ಕೂತೆ. ಅಷ್ಟರಲ್ಲಿ ನನ್ನ ತಂಗಿ ಬಂದಳು. ಕಿಬ್ಬನಹಳ್ಳಿ ಕ್ರಾಸಿನಲ್ಲಿ ಅವರದು ಅಂಗಡಿ. ಹದಿನೈದು ದಿನಕ್ಕೊಮ್ಮೆ ಬಸ್ಸು ಹತ್ತಿ ಬಂದು ಹೋಗುವವಳು.

"ಏನಕ್ಕ, ಕರೀ ಕನ್ನಡ್ಕ ಹಾಕ್ಕೊಂಡು ಸಿನಿಮಾದವ್ಳಂಗೆ ಕುಂತಿದೀಯ?"

"ಕೂತ್ಕೋ. ಕಾಫಿ ಮಾಡ್ತೀನಿ."

"ಬ್ಯಾಡ ಕಣಕ್ಕ, ಇವತ್ತು ಒಪ್ಪತ್ತು."

"ಇವತ್ತು ಬುಧವಾರ ಕಣೇ."

"ಈಗೀಗ ಬುಧವಾರಾನೂ ಮಾಡ್ತೀನಿ."

"ಯಾವ್ ದೇವ್ರಿಗೆ?"

ಹೋದ ಸಲ ಹೊಟ್ಟೆ ಉಬ್ಬರ ಅಂದಿದ್ದಳು. ಅದರ ಹಿಂದಿನ ಸಲ ಈಗ ತಾನೇ ತಿಂದು ಬಂದೆ ಅಂದಿದ್ದಳು. ಅದರ ಹಿಂದೆಯೂ ಏನೋ ಒಂದು.

"ನಿಜ ಬೊಗಳು. ನನ್ ಮನೇಲಿ ನೀನು ಬಾಯಿಗೆ ಏನಾರ ಇಟ್ಕೊಂಡು ಎಷ್ಟ್ ದಿನ ಆಯ್ತು?"

"ಬುಡಕ್ಕ ಅದ್ನ."

"ಬುಡಲ್ಲ. ರವೆ ಡಬ್ಬಿ ನೋಡಿ ಬಂದೀನಿ."

"ನೋಡ್ದಾ?" ಅಂದಳು. ಅವಳ ಹೆಗಲು ಇಳಿಯಿತು. "ಅವತ್ತು ಗೌರಿ ಹಬ್ಬಕ್ಕೆ ಕರೆದಿದ್ಯಲ್ಲ, ಅದಾಗಿ ಎರಡು ವರ್ಷ ಆಯ್ತು. ಒಬ್ಬಟ್ಟಿನ ಸಾರಲ್ಲಿ ಒಗ್ಗರಣೆ ಮೆಣಸಿನಕಾಯಿ ಅಂತ ಬಾಯಿಗಿಟ್ಕೊಂಡೆ. ಮೆಣಸಿನಕಾಯ್ಗೆ ಮೀಸೆ ಇರ್ತಾವೇನಕ್ಕ?"

"ಜಿರಳೆನಾ?"

"ಇನ್ನೇನು ಮತ್ತೆ!"

"ಥೂ! ಉಗೀಲಿಲ್ವೇನೇ?"

"ಎಲ್ಲಿ ಉಗೀಲಿ? ನೀನು ಎದ್ರಿಗೇ ನಿಂತು, ಇನ್ನೊಂದ್ ಸೌಟು ಹಾಕ್ಲಾ ಅಂತಿದ್ದೆ. ಮೆಲ್ಲಗೆ ತೆಗ್ದು ಎಲೆ ಅಡಿಗಿಟ್ಟೆ. ನೀನು ಹಾಕೇ ಬುಟ್ಟೆ. ಅದನ್ನೂ ಉಂಡೆ."

ಹೇಳಿ ಮುಗಿಸುವಷ್ಟರಲ್ಲಿ ಅವಳಿಗೆ ನಗು ಬಂತು. ಬಾಯಿಗೆ ಸೆರಗು ಮುಚ್ಚಿಕೊಂಡು ಮೈ ಕುಲುಕಿಸಿ ನಕ್ಕಳು. ನನಗೆ ಬಾಯಲ್ಲಿ ಔಷಧಿಯ ಕಹಿ ಮತ್ತೆ ಏರಿ ಬಂತು. ಸೊಸೆ ತೋಟದಿಂದ ಬಂದು ಕಾಲು ತೊಳೆಯುತ್ತಿದ್ದಳು.

"ನಿಂಗೂ ಗೊತ್ತಿತ್ತಾ?" ಅಂದೆ.

ಅವಳು ತಂಗಿಯ ಮುಖ ನೋಡಿದಳು. "ಅವತ್ತು ಎಲೆ ಎತ್ತಿದ್ದು ನಾನೇ ಅಲ್ವಾ ಅತ್ತೆ."

"ಹೇಳಕ್ಕೇನು, ಬಾಯಿ ಬಿದ್ದೋಗಿತ್ತಾ?"

"ಹೇಳಿದ್ದೆ. ಅಕ್ಕೀಲಿ ಹುಳ ಅವೆ ಅಂದಿದ್ಕೆ, ನಿಮ್ಮಪ್ಪನ ಮನೆ ಅಕ್ಕಿ ನೋಡ್ಕೋ ಹೋಗು ಅಂದ್ರಿ. ಮೂರು ದಿನ ಮಾತಾಡ್ಲಿಲ್ಲ ನೀವು."

ಅಂದಿದ್ದೆ. ನೆನಪಿದೆ.

"ಮತ್ತೆ ಏನ್ ಉಣ್ತಿದ್ರಿ ಎಲ್ಲಾರೂವೆ?"

"ನೀವು ತೋಟದ ಕಡೆ ಹೋದ್ಮೇಲೆ ಸಾರು ಸೋಸಿ ಇಡ್ತಿದ್ದೆ. ಸೋಸಕ್ಕಾಗದ್ದನ್ನ ಹಸೀನ ಕಲಗಚ್ಚಿಗೆ ಹಾಕಿ ಬೇರೆ ಮಾಡ್ತಿದ್ದೆ."

"ಅವ್ನು?"

"ಅವ್ರು ಕಣ್ಮುಚ್ಕೊಂಡು ಉಣ್ತಿದ್ರು."

ಎರಡು ವರ್ಷ ನಾನು ಹಸುವಿಗೆ ಅಡುಗೆ ಮಾಡಿದ್ದೆ. ಚೆನ್ನಾಗಿದೆಯೇನ್ಲಾ ಅಂತ ಮಗನನ್ನು ಕೇಳುತ್ತಿದ್ದೆ, ಅವನು ಹೂಂ ಅನ್ನುತ್ತಿದ್ದ. ಹುಳುವಿಗಿಂತ ಇವರು ಮೂರು ಜನ ನನಗೆ ಕೊಟ್ಟಿದ್ದ ಮರ್ಯಾದೆ ಹೆಚ್ಚು ಹೇಸಿಗೆಯಾಯಿತು. ಮುಖಕ್ಕೆ ಹೇಳಿದ್ದರೆ ಜಗಳವಾಡುತ್ತಿದ್ದೆ, ಬೈಯುತ್ತಿದ್ದೆ, ಆಮೇಲಾದರೂ ಡಬ್ಬಿ ತೊಳೆಯುತ್ತಿದ್ದೆನೋ ಏನೋ. ಗೊತ್ತಿಲ್ಲ. ತೊಳೆಯುತ್ತಿರಲಿಲ್ಲ ಅಂತಲೇ ಈಗ ಅನ್ನಿಸುತ್ತದೆ.

"ಎಡಗಣ್ಣು ಮಾಡ್ಸಲ್ಲ ನಾನು" ಅಂದೆ.

"ಯಾಕಕ್ಕ?"

"ಒಂದ್ರಲ್ಲಿ ಕಂಡಿದ್ದೇ ಸಾಕು."

"ಮಾಡ್ಸಿಲ್ಲಾಂದ್ರೆ ನಾನೂ ಏಳು ವಾರಾನೂ ಒಪ್ಪತ್ತು ಮಾಡ್ಬೇಕಾಯ್ತದೆ, ಸಾಯ್ತೀನಿ" ಅಂದಳು ತಂಗಿ.

ಸೊಸೆ ತನ್ನ ಡಬ್ಬಿಯಿಂದ ಸಕ್ಕರೆ ಹಾಕಿ ಕಾಫಿ ತಂದಳು. ತಂಗಿ ಒಪ್ಪತ್ತು ಮರೆತು ಕುಡಿದಳು. ನಾನು ಲೋಟದ ಅಂಚನ್ನು ಸುತ್ತ ನೋಡಿ ಕುಡಿದೆ.

ತಂಗಿ ಬಸ್ಸಿಗೆ ಹೋದ ಮೇಲೆ ಸೊಸೆಯನ್ನು ಕರೆದು ಗೂಡು ಖಾಲಿ ಮಾಡು ಅಂದೆ. ನಾನು ಬಗ್ಗುವಂತಿಲ್ಲ, ಪಕ್ಕದಲ್ಲಿ ನಿಂತು ಒಂದೊಂದೇ ತೋರಿಸಿದೆ. ರವೆ, ಜೀರಿಗೆ, ಕೊಬ್ಬರಿ ಪುಡಿ, ಎಣ್ಣೆ ಎಲ್ಲಾ ತೆಂಗಿನ ಬುಡದ ಗುಂಡಿಗೆ ಹೋಯಿತು. ಡಬ್ಬಿಗಳನ್ನೂ ಎಸೆಯಲಾ ಅಂತ ಅವಳು ಕೇಳಿದಳು. ಎಸಿ ಅಂದೆ. ಬರೀ ಗೂಡು ಉಳಿಯಿತು. ಒಳಗಡೆ ಗೋಡೆ ಡಬ್ಬಿ ಇದ್ದ ಜಾಗದಲ್ಲಿ ಮಾತ್ರ ಬೆಳ್ಳಗಿತ್ತು, ಸುತ್ತ ಜಿಡ್ಡು. ಅವಳು ಅದನ್ನು ಒರೆಸಲು ಬಟ್ಟೆ ತಂದಳು. ಬೇಡ, ನಾಳೆ ಮಾಡು ಅಂದೆ. ನೋಡಿ ನೋಡಿ ಸಾಕಾಗಿತ್ತು.

ಮಾರನೆಯ ಬೆಳಗ್ಗೆ ಎದ್ದು ನಾನು ಅಡುಗೆಮನೆಗೆ ಹೋಗಲಿಲ್ಲ. ಜಗಲಿಯ ಮೇಲೆ ಕೂತು, ಎಡಗಣ್ಣಿಗೆ ಯಾವತ್ತು ಬರಬೇಕು ಅಂತ ಫೋನ್ ಮಾಡಿ ಕೇಳು ಅಂತ ಮಗನಿಗೆ ಹೇಳಿದೆ. ಒಲೆಯ ಮಾತು ಎತ್ತಲಿಲ್ಲ. ಅವನೂ ಎತ್ತಲಿಲ್ಲ. ಸೊಸೆ ಉಪ್ಪಿಟ್ಟು ಮಾಡಿ ತಟ್ಟೆ ತಂದು ಕೈಗೆ ಕೊಟ್ಟು, ಎದುರಿಗೇ ನಿಂತಳು. ಉಪ್ಪಿಟ್ಟಿನ ಮೇಲೆ ಒಂದು ಎಳೆ. ನೋಟ ಆಚೆ ಈಚೆ ಹೊರಳಿಸಿದೆ, ಅದು ಕದಲಲಿಲ್ಲ. ಬೆರಳಿನಿಂದ ಹಿಡಿದೆ, ಸಿಕ್ಕಿತು. ಉದ್ದನೆಯ ಕರೀ ಕೂದಲು. ನನ್ನದು ಪೂರಾ ಬಿಳಿ.

ಅದನ್ನು ಬೆರಳಿಗೆ ಸುತ್ತಿ ತಟ್ಟೆಯ ಅಡಿಗೆ ಅಂಟಿಸಿ, ತಿನ್ನತೊಡಗಿದೆ.

"ಇನ್ನೊಂದ್ ಚೂರು ಹಾಕ್ಲಾ ಅತ್ತೆ?" ಅಂದಳು.

ಹಾಕು ಅಂದೆ.