ಗೌರಮ್ಮನ ಜೇಬಿನಲ್ಲಿ ಫೋನು
ಸತ್ಯಮಂಗಲದ ಆ ಸಣ್ಣ ಕಾರ್ಖಾನೆಯಲ್ಲಿ ಕಂಪ್ಯೂಟರಿನೊಳಗೆ ಸಾಫ್ಟ್‌ವೇರಿನಿಂದಲೇ ಆದ ಇನ್ನೊಂದು ವರ್ಚುವಲ್ ಕಂಪ್ಯೂಟರ್ ಕೂತು ಮೆಷಿನ್ ನಡೆಸುತ್ತಿತ್ತು. ಸೆನ್ಸರ್ ಕಳಿಸುವ ಇಂಟರಪ್ಟ್, ಅಂದರೆ ‘ಕೈಲಿರೋದು ಬಿಟ್ಟು ಇಲ್ಲಿ ನೋಡು’ ಅನ್ನೋ ಸಂಕೇತ, ಮೊದಲು ಹೊರಗಿನ ಕಂಪ್ಯೂಟರಿನ ಮೂಲ ತಂತ್ರಾಂಶವಾದ ಕರ್ನಲ್‌ಗೆ ಹೋಗಿ, ಅಲ್ಲಿಂದ ಒಳಗಿನದಕ್ಕೆ ತಡವಾಗಿ ತಲುಪುತ್ತಿತ್ತು. ಅದನ್ನು ನೇರವಾಗಿ ಒಳಗೆ ಮುಟ್ಟಿಸೋದು ಬೇರೆ ಆಫೀಸಿನಿಂದ ಬಂದಿದ್ದ ನನ್ನ ಕೆಲಸ.

ಪಕ್ಕದಲ್ಲೇ ಡ್ರಿಲ್ಲಿಂಗ್ ಮೆಷಿನ್ ಮುಂದೆ ಶಮೀಮಕ್ಕ ಇದ್ದರು. ಅವರಿಗೆ ಕಿವಿ ಮಂದ. ಅವರ ಫೋನು ಜೊತೆಗಾತಿ ಗೌರಮ್ಮನ ಜೇಬಿನಲ್ಲಿರುತ್ತಿತ್ತು. ಫೋನ್ ಬಂದರೆ ಗೌರಮ್ಮ ಡ್ರಿಲ್ ಮೇಲೇಳುವವರೆಗೂ ಕಾದು, ಆಮೇಲೆ ಮೆಲ್ಲಗೆ ಭುಜ ಮುಟ್ಟುತ್ತಿದ್ದರು.

“ವೈಬ್ರೇಷನ್‌ಗೆ ಹಾಕ್ಕೊಂಡು ನೀವೇ ಇಟ್ಕೊಳ್ಳಿ ಅಕ್ಕ,” ಅಂತ ಜೋರಾಗಿ ಹೇಳಿದೆ.

ಶಮೀಮಕ್ಕ ನಕ್ಕರು. “ಬೇಡ ಸಾರ್. ಡ್ರಿಲ್ ಇಳಿಯೋವಾಗ ಅದು ನಡುಗಿದ್ರೆ ಬೆಚ್ಚಿಬೀಳ್ತೀನಿ, ಬೆರಳು ಹೋಗುತ್ತೆ. ಯಾವಾಗ ಮುಟ್ಬೇಕು ಅಂತ ಇವಳಿಗೆ ಗೊತ್ತು.”

ಅಷ್ಟರಲ್ಲಿ ನನ್ನ ಫೋನೇ ಬಡಕೊಳ್ಳತೊಡಗಿತು. ಅದನ್ನೂ ಗೌರಮ್ಮನ ಕೈಗೆ ಕೊಟ್ಟೆ.

ಕೆಲಸ ಮುಗಿಸಿ ಕೀಬೋರ್ಡಿನಿಂದ ಕೈ ತೆಗೆದಾಗ ಯಾರೋ ಭುಜ ಮುಟ್ಟಿದರು. ಬೆಚ್ಚಲಿಲ್ಲ.

“ನಿಮ್ಮಾಫೀಸಿಂದ ಮೂರು ಸಲ ಬಂತಪ್ಪ,” ಅಂದರು ಗೌರಮ್ಮ. “ಕೆಲ್ಸ ಮಾಡ್ತಾವ್ರೆ, ಆಮೇಲೆ ಮಾಡಿ ಅಂತ ಇಟ್ಬುಟ್ಟೆ.”

ಇಷ್ಟು ವರ್ಷದ ನೌಕರಿಯಲ್ಲಿ ನಮ್ಮ ಮ್ಯಾನೇಜರಿಗೆ ಆ ಮಾತು ಹೇಳೋಕೆ ನನಗೆ ಬಾಯಿ ಬಂದಿರಲಿಲ್ಲ.