ಬಖೂಮನ ಎರಡು ಉತ್ತರಗಳು

ನನ್ನ ತಂಗಿ ಫೆಬ್ರೋನಿಯಾಳ ಗಂಡ ಬಖೂಮನಷ್ಟು ಓದಿದವನು ಮಲ್ಲವಿ ಪಟ್ಟಣದ ಸುತ್ತಿನ ಹಳ್ಳಿಗಳಲ್ಲಿ ಇನ್ನೊಬ್ಬನಿರಲಿಲ್ಲ. ಅವನಷ್ಟು ಪೆದ್ದನೂ ಇರಲಿಲ್ಲ. ಇದನ್ನು ಅವನ ಮುಖಕ್ಕೇ ಹೇಳಿದ್ದೇನೆ, ಬೆನ್ನ ಹಿಂದೆ ಆಡುವವಳಲ್ಲ ನಾನು.

ಹಳ್ಳಿಯ ಶಾಲೆಯಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದ. ನಮ್ಮಲ್ಲಿ ವಾರದ ರಜೆ ಶುಕ್ರವಾರ; ಗುರುವಾರ ಶಾಲೆ ಬಿಟ್ಟರೆ ಸಾಕು, ಫೆಬ್ರೋನಿಯಾ ಕಟ್ಟಿಕೊಟ್ಟ ರೊಟ್ಟಿ, ಬೇಯಿಸಿದ ಮೊಟ್ಟೆ ಹಿಡಿದು ಕೈರೋ ರೈಲು ಹತ್ತುವನು. ಅಲ್ಲಿ ದೇವಶಾಸ್ತ್ರದ ಸ್ನಾತಕೋತ್ತರ ಪದವಿಗೆ ಓದು. ರಜೆ ಮುಗಿಯುವ ಹೊತ್ತಿಗೆ ಕಣ್ಣು ಕೆಂಪಗೆ ಮಾಡಿಕೊಂಡು ಇಳಿಯುವನು. ಮಿಕ್ಕ ದಿನಗಳಲ್ಲಿ ಊಟದ ತಟ್ಟೆಯ ಪಕ್ಕದಲ್ಲೂ ಗ್ರೀಕ್ ವ್ಯಾಕರಣ.

ಈ ಹುಚ್ಚು ಸುಮ್ಮನೆ ಹತ್ತಿದ್ದಲ್ಲ. ಅವರ ಮೊದಲ ಹೆಣ್ಣು ಕೂಸು ದೀಕ್ಷಾಸ್ನಾನಕ್ಕೆ ಮುಂಚೆಯೇ ತೀರಿಕೊಂಡಿತ್ತು; ದೀಕ್ಷಾಸ್ನಾನವಾಗದ ಕೂಸಿಗೆ ಸ್ವರ್ಗವಿಲ್ಲ ಎನ್ನುತ್ತಾರೆ ಜನ. "ನನ್ನ ಮಗು ಈಗ ಎಲ್ಲಿದೆ, ಅಬೂನಾ?" ಎಂದು ತಂಗಿ ಕೇಳಿದರೆ ನಮ್ಮ ಮುದಿ ಪಾದ್ರಿ ನೆಲ ನೋಡಿದರು. ಅವಳು ಅನ್ನನೀರು ಬಿಟ್ಟಳು. ಆಗ ಬಖೂಮ್ ನನಗೆ ಹೇಳಿದ್ದ:

"ನಾನು ಪಾದ್ರಿ ಆಗ್ತೀನಿ ಅಕ್ಕ. ಇನ್ನೊಬ್ಬ ತಾಯಿ ಹೀಗೆ ಕೇಳಿದ್ರೆ ನೆಲ ನೋಡಲ್ಲ."

ಅಷ್ಟೇ ಅವನಿಗೆ ಬೇಕಾಗಿದ್ದುದು. ನಮ್ಮ ಚರ್ಚಿನಲ್ಲಿ ಮದುವೆಯಾದವನೂ ಪಾದ್ರಿಯಾಗಬಹುದು, ಆದರೆ ಪಾದ್ರಿತನವನ್ನು ಬೇಕೆಂದವನಿಗೆ ಕೊಡುವುದಿಲ್ಲ. ಬೇಡ ಎಂದು ಅಳಬೇಕು, ಓಡಿಹೋಗಿ ಅವಿತುಕೊಳ್ಳಬೇಕು. ಜನ ಹುಡುಕಿ, ರಟ್ಟೆ ಹಿಡಿದು ಎಳೆತಂದು ಬಿಷಪರ ಮುಂದೆ ನಿಲ್ಲಿಸಬೇಕು. ಮುದಿ ಪಾದ್ರಿ ತೀರಿಕೊಂಡಾಗ ಊರಿನ ಬಾಯಲ್ಲೆಲ್ಲ ಬಖೂಮನದೇ ಹೆಸರು. "ಮೂರು ಸಲ ಬೇಡ ಅನ್ನಪ್ಪ, ಆಮೇಲೆ ತಲೆ ತಗ್ಸು" ಎಂದು ಬುದ್ಧಿ ಹೇಳಿ ಕಳಿಸಿದೆ. ಕೇಳಿದನೇ?

"ಪಾದ್ರಿ ಆಗೋ ಆಸೆ ಇದೆಯಾ ಮಗನೇ?" ಎಂದರು ಬಿಷಪರು.

"ಇದೆ, ಸೈಯದ್ನಾ. ಅದಕ್ಕೇ ಓದ್ತಿರೋದು."

ಬಿಷಪರು ಗಡ್ಡ ನೀವಿಕೊಂಡು, "ಓದು ಮುಂದುವರಿಸು" ಎಂದರು. ಗದ್ದೆಯ ಪಾರಿವಾಳದ ಗೋಪುರದಲ್ಲಿ ಅವಿತಿದ್ದ ವಿದ್ಯುತ್ ರಿಪೇರಿಯ ರಿಜ್ಕ್‌ನನ್ನು ಜನ ಎಳೆತಂದರು, ತಲೆತುಂಬ ಪುಕ್ಕ. ಅವನೇ ಪಾದ್ರಿಯಾದ. ನಾನು ಬಖೂಮನನ್ನು ಉಗಿದು ಉಪ್ಪಿನಕಾಯಿ ಹಾಕಿದೆ.

"ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತಾರೆ. ನಿನಗೆ ಆ ಮುಕ್ಕಾಲು ಎಲ್ಲೋಯ್ತೋ?"

"ಸುಳ್ಳು ಹೇಳ್ಕೊಂಡು ಬಲಿಪೀಠದ ಹತ್ರ ಹೋಗೋಕಾಗಲ್ಲ ಅಕ್ಕ" ಎಂದ.

ಆಮೇಲೆ ಪದವಿಯೂ ಬಂತು, ತಲೆಗೂದಲೂ ಬೆಳ್ಳಗಾಯಿತು. ಭಾನುವಾರ ರಿಜ್ಕ್‌ನ ಕೈಗೆ ಮುತ್ತಿಟ್ಟು, ಅವನು ತಪ್ಪುತಪ್ಪಾಗಿ ಹೇಳುವ ಪ್ರಸಂಗವನ್ನು ನಿಂತು ಕೇಳುತ್ತಿದ್ದ. ನೋಡಿದರೆ ನನಗೇ ಹೊಟ್ಟೆ ಉರಿಯುತ್ತಿತ್ತು.

ಬಿಷಪರು ತೀರಿಕೊಂಡು, ಅಲೆಕ್ಸಾಂಡ್ರಿಯಾ ಕಡೆಯ ಹೊಸ ಬಿಷಪರು ಬಂದರು. ಊರು ಬೆಳೆದಿದೆ, ಎರಡನೆಯ ಪಾದ್ರಿ ಬೇಕು, ಓದಿದ ಬಖೂಮನೇ ಆಗಲಿ ಎಂದು ಹೇಳಿಕಳಿಸಿದರು. ಅವರು ಬರುವ ಹಿಂದಿನ ದಿನ ಬಖೂಮ್ ಕೈಚೀಲ ಹಿಡಿದು ಮಲ್ಲವಿ ಪಟ್ಟಣದ ನನ್ನ ಮನೆಗೆ ಬಂದ.

"ಬಚ್ಚಿಟ್ಟುಕೊಳ್ಳೋಕೆ ಬಂದಿದ್ದೀನಿ ಅಕ್ಕ. ಈ ಸಲ ನೀವು ಹೇಳ್ದಂಗೇ."

"ಅಂತೂ ನಿಜವಾದ ಪದವಿ ಈಗ ಬಂತು ನೋಡು!" ಎಂದು ನಕ್ಕೆ. ಅವನು ನಗಲಿಲ್ಲ.

ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ಬಿಳಿ ಅಂಗಿ ತೊಟ್ಟು, ಕುರ್ಚಿಯನ್ನು ಬಾಗಿಲ ಎದುರಿಗೆ ಹಾಕಿಕೊಂಡು ಕೂತ. ಎಳೆದೊಯ್ಯಲು ಬರುವವರಿಗೆಂದು ನಾನು ದೊಡ್ಡ ಪಾತ್ರೆಯಲ್ಲಿ ಮಾಂಸ ಬೇಯಲಿಟ್ಟೆ. ಬಾಗಿಲು ಬಡಿದ ಸದ್ದು. ಎದ್ದು ನಿಂತು ಅಂಗಿ ಸರಿಮಾಡಿಕೊಂಡ. ಜರಡಿ ವಾಪಸು ಕೊಡಲು ಬಂದ ಪಕ್ಕದ ಮನೆಯವಳು. ಮತ್ತೆ ಸದ್ದು, ಮತ್ತೆ ಎದ್ದ. ಗ್ಯಾಸಿನವನು. ಬಿಸಿಲು ಏರಿತು. ಅವನು ಚಹಾ ಕೂಡ ಮುಟ್ಟಲಿಲ್ಲ.

ಮಧ್ಯಾಹ್ನ ಫೆಬ್ರೋನಿಯಾ ಫೋನ್ ಮಾಡಿದಳು. ಅಳುತ್ತಿದ್ದಳು. ಗಂಡನೆಲ್ಲಿ ಎಂದು ಬಿಷಪರು ಕೇಳಿದರಂತೆ. ಹೆಂಡತಿ ಹೇಳಬೇಕಾದ್ದನ್ನೇ ಇವಳು ಹೇಳಿದ್ದಾಳೆ: "ಗೊತ್ತಿಲ್ಲ ಸೈಯದ್ನಾ, ಅವರಿಗೆ ಈ ಭಾರ ಬೇಡವಂತೆ." ನಮ್ಮ ಹಳ್ಳಿಯ ವಾಡಿಕೆ ಅರಿಯದ ಆ ಅಲೆಕ್ಸಾಂಡ್ರಿಯಾದ ಬಿಷಪರು, ಮನಸ್ಸಿಲ್ಲದವರನ್ನು ಬಲವಂತ ಮಾಡುವುದು ಪಾಪ ಎಂದು ಹೇಳಿ, ಇನ್ನೊಬ್ಬನ ಹೆಸರು ಕೇಳಿದರು. ಊರಿನವರು ಕೊಟ್ಟರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಬಖೂಮನಿಗೆ ನಾನೇ ಹೇಳಬೇಕಾಯಿತು. ಪೂರ್ತಿ ಕೇಳಿಸಿಕೊಂಡ.

"ಊರಿನವರು? 'ತಡೀರಿ, ಹುಡುಕಿ ಕರ್ಕೊಂಡ್ ಬರ್ತೀವಿ' ಅಂತ ಯಾರೂ ಅನ್ಲಿಲ್ವಾ?"

ಒಬ್ಬರೂ ಅಂದಿರಲಿಲ್ಲ. ನನ್ನ ನಾಲಿಗೆ ಮೊದಲ ಬಾರಿಗೆ ತಡವರಿಸಿತು. "ಅಂದ್ರಂತೆ ಕಣಪ್ಪ. ಹುಡುಕಿದ್ರಂತೆ. ನೀನೆಲ್ಲಿದ್ದೀಯೋ ಗೊತ್ತಾಗ್ಲಿಲ್ವಂತೆ."

"ನಿಮ್ಮ ಮನೆ ಊರಿಗೆಲ್ಲ ಗೊತ್ತು ಅಕ್ಕ" ಎಂದ.

ನಾನು ಮಾಂಸದ ಪಾತ್ರೆಯನ್ನು ಒಲೆಯಿಂದ ಇಳಿಸಿದೆ. ಅವನು ಎದ್ದು, ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡು ಕೂತ.